ನಮ್ಮ ವಿಶ್ವವಿದ್ಯಾಲಯದ ಮೂಲಕವೇ ವಿದೇಶಕ್ಕೆ: ಒಂದು ಸೆಮಿಸ್ಟರ್‌ನ ಲೆಕ್ಕ

ಉಗಾರ ಖುರ್ದದಂಥ ಊರಿನಿಂದ ಇಂಜಿನಿಯರಿಂಗ್ ಓದೋಕೆ ಬಂದ ನಮ್ಮಂಥವರಿಗೆ ವಿದೇಶದಲ್ಲಿ ಓದೋದು ಅಂದ್ರೆ ಗೊತ್ತಿರೋದು ಒಂದೇ ದಾರಿ. ಇಲ್ಲಿ ಬಿಇ ಮುಗಿಸು, ಜಿಆರ್‌ಇ ಬರೆ, ಬ್ಯಾಂಕಿನಲ್ಲಿ ಸಾಲ ತೆಗಿ, ಎಂಎಸ್‌ಗೆ ಹೋಗು. ಮನೆಯಲ್ಲಿ ಈ ಮಾತು ತೆಗೆದ ಕೂಡಲೇ ಬರೋ ಪ್ರಶ್ನೆಯೂ ಒಂದೇ: "ಎಷ್ಟ ರೊಕ್ಕ ಹತ್ತತೈತಿ?"

ಆದರೆ ಬಿಇ ಓದುತ್ತಿರುವಾಗಲೇ, ನಮ್ಮ ವಿಶ್ವವಿದ್ಯಾಲಯದ ಒಪ್ಪಂದದ ಮೇಲೆ ಒಂದು ಸೆಮಿಸ್ಟರ್ ಹೊರಗೆ ಓದಿ ಬರೋ ದಾರಿಯೂ ಇದೆ. ಅದರ ಲಾಭ ಏನು, ಖರ್ಚು ಏನು, ಹೊರಡೋ ಮೊದಲು ಏನು ಕೇಳಬೇಕು ಅನ್ನೋದನ್ನ ಇಲ್ಲಿ ನೋಡೋಣ.

ಮೊದಲು ಹೆಸರುಗಳು

ನೋಟಿಸ್ ಬೋರ್ಡಿನಲ್ಲಿ ಎಕ್ಸ್‌ಚೇಂಜ್, ಟ್ವಿನ್ನಿಂಗ್, ಡ್ಯುಯಲ್ ಡಿಗ್ರಿ ಅಂತ ಎಲ್ಲಾ ಒಟ್ಟಿಗೆ ಬರೆದಿರುತ್ತಾರೆ. ಅವು ಒಂದೇ ಅಲ್ಲ.

ಎಕ್ಸ್‌ಚೇಂಜ್ ಅಂದ್ರೆ ಒಂದೆರಡು ಸೆಮಿಸ್ಟರ್ ಹೊರಗೆ ಓದಿ ವಾಪಸ್ ಬರೋದು. ನಾವು ನಮ್ಮ ಕಾಲೇಜಿನ ವಿದ್ಯಾರ್ಥಿಗಳಾಗಿಯೇ ಇರುತ್ತೇವೆ. ಉಳಿದ ಮೂರಕ್ಕೆ ಯುಜಿಸಿ 2022ರಲ್ಲಿ ನಿಯಮ ಮಾಡಿದೆ. ಟ್ವಿನ್ನಿಂಗ್‌ನಲ್ಲಿ ಡಿಗ್ರಿ ಕೊಡೋದು ಭಾರತದ ಸಂಸ್ಥೆ. ಹೊರಗಿನ ಕ್ರೆಡಿಟ್ ಒಟ್ಟು ಕ್ರೆಡಿಟ್‌ನ ಶೇ. 30 ಮೀರುವಂತಿಲ್ಲ. ಜಾಯಿಂಟ್ ಡಿಗ್ರಿಯಲ್ಲಿ ಎರಡೂ ಕಡೆ ಕನಿಷ್ಠ ಶೇ. 30 ಓದಬೇಕು, ಸರ್ಟಿಫಿಕೇಟ್ ಒಂದೇ. ಡ್ಯುಯಲ್ ಡಿಗ್ರಿಯಲ್ಲಿ ಎರಡೂ ಸಂಸ್ಥೆಗಳು ಬೇರೆ ಬೇರೆ ಡಿಗ್ರಿ ಕೊಡುತ್ತವೆ.

ಇನ್ನೊಂದು ಹಳೆಯ ಮಾದರಿ ನಮ್ಮ ರಾಜ್ಯದಲ್ಲೇ ಇದೆ. ಮಣಿಪಾಲದಲ್ಲಿ 1994ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಸೆಂಟರ್ ಫಾರ್ ಅಪ್ಲೈಡ್ ಸೈನ್ಸಸ್‌ನಲ್ಲಿ ಮೊದಲ ಎರಡು ವರ್ಷ ಇಲ್ಲಿ ಓದಿ, ಕ್ರೆಡಿಟ್ ವರ್ಗಾಯಿಸಿಕೊಂಡು, ಉಳಿದದ್ದನ್ನು ಹೊರದೇಶದಲ್ಲಿ ಮುಗಿಸಬಹುದಿತ್ತು. ಎರಡು ವರ್ಷದ ಖರ್ಚು ರೂಪಾಯಿ ಲೆಕ್ಕದಲ್ಲೇ ಮುಗಿಯೋದು ಅದರ ಲಾಭ. ಆದರೆ ಅದು ಹೋಗಿ ಅಲ್ಲೇ ಮುಗಿಸೋ ದಾರಿ. ಎಕ್ಸ್‌ಚೇಂಜ್ ಹೋಗಿ ವಾಪಸ್ ಬರೋ ದಾರಿ.

ಕ್ರೆಡಿಟ್ ವಾಪಸ್ ಬರಬೇಕು

ವಿಶ್ವವಿದ್ಯಾಲಯದ ಮೂಲಕ ಹೋಗೋದರ ದೊಡ್ಡ ಲಾಭ ಇದೇ: ಅಲ್ಲಿ ಓದಿದ್ದು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸ್ವಂತವಾಗಿ ಹೋಗಿ ನಾಲ್ಕು ಕೋರ್ಸ್ ಮಾಡಿ ಬಂದರೆ ಜ್ಞಾನ ಸಿಗಬಹುದು, ಆದರೆ ಇಲ್ಲಿ ಸೆಮಿಸ್ಟರ್ ಹಾಗೇ ಬಾಕಿ ಉಳಿಯುತ್ತದೆ. ಅಂದ್ರೆ ಒಂದು ವರ್ಷ ಹೋಯಿತು ಅಂತಲೇ ಲೆಕ್ಕ.

ಎಐಸಿಟಿಇ ಮಾದರಿ ಪಠ್ಯಕ್ರಮದಲ್ಲಿ ನಾಲ್ಕು ವರ್ಷಕ್ಕೆ 160 ಕ್ರೆಡಿಟ್. ಸರಾಸರಿ ಸೆಮಿಸ್ಟರ್‌ಗೆ 20. ಯುರೋಪಿನಲ್ಲಿ ಇಸಿಟಿಎಸ್ ಅನ್ನೋ ಪದ್ಧತಿ. ಅಲ್ಲಿ ವರ್ಷಕ್ಕೆ 60, ಸೆಮಿಸ್ಟರ್‌ಗೆ 30. ಬರೀ ಗಣಿತದಲ್ಲಿ ನೋಡಿದರೆ ಅಲ್ಲಿನ 6 ಕ್ರೆಡಿಟ್‌ನ ವಿಷಯ ಇಲ್ಲಿನ 4ಕ್ಕೆ ಸಮ. ಆದರೆ ಈ ಪರಿವರ್ತನೆ ತಾನಾಗೇ ಆಗೋದಿಲ್ಲ. ಅಲ್ಲಿನ ಯಾವ ವಿಷಯ ಇಲ್ಲಿನ ಯಾವ ವಿಷಯಕ್ಕೆ ಸಮ ಅಂತ ನಮ್ಮ ವಿಭಾಗವೇ ಒಪ್ಪಬೇಕು.

ಇದಕ್ಕೆ ಯುರೋಪಿನ ಎರಾಸ್ಮಸ್ ಯೋಜನೆ ಒಳ್ಳೇ ಪಾಠ. 1987ರಲ್ಲಿ ಶುರುವಾದ ಈ ಯೋಜನೆಯಲ್ಲಿ ಹೊರಡೋ ಮೊದಲೇ 'ಲರ್ನಿಂಗ್ ಅಗ್ರಿಮೆಂಟ್' ಮಾಡಿಕೊಳ್ಳುತ್ತಾರೆ. ವಿದ್ಯಾರ್ಥಿ, ಕಳಿಸೋ ಸಂಸ್ಥೆ, ಕರೆಸಿಕೊಳ್ಳೋ ಸಂಸ್ಥೆ, ಮೂವರದ್ದೂ ಸಹಿ. ಅಲ್ಲಿ ಹೋದ ಮೇಲೆ ವಿಷಯ ಬದಲಾದರೆ ಮತ್ತೆ ಮೂವರೂ ಒಪ್ಪಬೇಕು. ಈಗಿನ ಎರಾಸ್ಮಸ್ ಪ್ಲಸ್‌ನಲ್ಲಿ ಭಾರತದ ವಿದ್ಯಾರ್ಥಿಗಳಿಗೂ ಅವಕಾಶ ಇದೆ. ಅಲ್ಲಿ ಟ್ಯೂಷನ್ ಫೀ ಇಲ್ಲ, ಪ್ರಯಾಣಕ್ಕೂ ತಿಂಗಳ ಖರ್ಚಿಗೂ ನೆರವು ಸಿಗುತ್ತದೆ. ಆದರೆ ಒಂದು ಸೆಮಿಸ್ಟರ್ ಹೋಗಿ ಬರೋ ಈ ಅವಕಾಶ ನಮ್ಮ ಸಂಸ್ಥೆಗೂ ಅಲ್ಲಿನ ಸಂಸ್ಥೆಗೂ ಒಪ್ಪಂದ ಇದ್ದರೆ ಮಾತ್ರ. ಎಷ್ಟೇ ಸಿಜಿಪಿಎ ಇರಲಿ, ಒಪ್ಪಂದ ಇಲ್ಲದಿದ್ದರೆ ಈ ಬಾಗಿಲು ತೆರೆಯೋದಿಲ್ಲ.

ರೊಕ್ಕದ ಲೆಕ್ಕ

ಪರಸ್ಪರ ಎಕ್ಸ್‌ಚೇಂಜ್ ಒಪ್ಪಂದದಲ್ಲಿ ಸಾಮಾನ್ಯವಾಗಿ ಫೀ ನಮ್ಮ ಕಾಲೇಜಿಗೇ ಕಟ್ಟಬೇಕು, ಅಲ್ಲಿಗೆ ಕಟ್ಟೋ ಹಾಗಿಲ್ಲ. ಇದು ನಿಜವಾಗಲೂ ದೊಡ್ಡ ಉಳಿತಾಯ. ಆದರೆ 'ಫೀ ಇಲ್ಲ' ಅಂದ್ರೆ 'ಪುಕ್ಕಟೆ' ಅಲ್ಲ. ವಿಮಾನ, ವೀಸಾ, ವಿಮೆ, ರೂಮು, ಊಟ ನಮ್ಮದೇ.

ಜರ್ಮನಿಯನ್ನೇ ತಗೊಳ್ಳೋಣ. ಸ್ಕಾಲರ್‌ಶಿಪ್ ಇಲ್ಲದವರು ವಿದ್ಯಾರ್ಥಿ ವೀಸಾಕ್ಕೆ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಹಣ ತೋರಿಸಬೇಕು ಅಂತ 2024ರ ಸೆಪ್ಟೆಂಬರ್‌ನಲ್ಲಿ ನಿಗದಿಯಾಯಿತು. ಯೂರೋಗೆ 100 ರೂಪಾಯಿ ಅಂತ ಹಿಡಿದರೂ ಐದು ತಿಂಗಳಿಗೆ ಸುಮಾರು 5 ಲಕ್ಷ. ಇದನ್ನ ನಮ್ಮ ಊರಿನ ಭಾಷೆಯಲ್ಲಿ ಹೇಳಬೇಕು ಅಂದ್ರೆ ಕಬ್ಬಿನಲ್ಲಿ ಹೇಳಬೇಕು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರದ ಎಫ್‌ಆರ್‌ಪಿ ಶೇ. 10.25 ಇಳುವರಿಗೆ ಟನ್ನಿಗೆ 3,550 ರೂಪಾಯಿ. 5 ಲಕ್ಷಕ್ಕೆ 140 ಟನ್ ಕಬ್ಬು ಬೇಕು. ಎಕರೆಗೆ 40 ಟನ್ ಬಂದರೆ ಮೂರೂವರೆ ಎಕರೆ, ಅದೂ ಕಟಾವು, ಸಾಗಣೆ, ಗೊಬ್ಬರದ ಖರ್ಚು ಕಳೆಯದೇ.

ಹೆದರಿಸೋದಕ್ಕೆ ಈ ಲೆಕ್ಕ ಹೇಳಿದ್ದಲ್ಲ. ಎರಡು ವರ್ಷದ ಎಂಎಸ್‌ಗೆ ಫೀ ಸೇರಿಸಿ ಸಾಲ ಮಾಡೋದಕ್ಕೆ ಹೋಲಿಸಿದರೆ ಇದು ಸಣ್ಣದು. ಆ ದೇಶ ನಮಗೆ ಹೊಂದುತ್ತದಾ ಅನ್ನೋದು ದೊಡ್ಡ ಸಾಲಕ್ಕೆ ಮೊದಲೇ ಗೊತ್ತಾಗುತ್ತದೆ. ಆದರೆ ಅಪ್ಪ ಅವ್ವನಿಗೆ 'ಫ್ರೀ ಐತಿ' ಅಂತ ಹೇಳಿ ಆಮೇಲೆ ಟಿಕೆಟ್‌ಗೆ ಕೈ ಚಾಚೋದು ಬೇಡ. ಪೂರ್ತಿ ಲೆಕ್ಕ ಮೊದಲೇ ಅವರ ಮುಂದೆ ಇಡೋಣ.

ಏನನ್ನ ಕಲಿಯೋಕೆ ಹೋಗಬೇಕು

ಫೋಟೋಗಾಗಿ ಹೋದರೆ ಒಂದು ಸೆಮಿಸ್ಟರ್ ಬೇಗ ಮುಗಿಯುತ್ತದೆ. ನಮ್ಮ ಊರಿನ ಉಗಾರ ಶುಗರ್ ವರ್ಕ್ಸ್ 1939ರಲ್ಲಿ ಸ್ಥಾಪನೆಯಾದ ಕಂಪನಿ. ಅದರ ಹೊಗೆ ಕೊಳವೆ ನೋಡಿಕೊಂಡೇ ಬೆಳೆದವರಿಗೆ ಬಾಯ್ಲರ್, ಟರ್ಬೈನ್, ಬಗ್ಯಾಸ್, ಎಥೆನಾಲ್ ಬರೀ ಪಠ್ಯದ ಪದಗಳಲ್ಲ. ಬ್ರೆಜಿಲ್ 1975ರಲ್ಲೇ ಕಬ್ಬಿನಿಂದ ಎಥೆನಾಲ್ ಮಾಡೋ ರಾಷ್ಟ್ರೀಯ ಯೋಜನೆ ಶುರುಮಾಡಿತು. ಅಂಥ ಕಡೆ ಒಂದು ಲ್ಯಾಬ್‌ನಲ್ಲಿ ನಾಲ್ಕು ತಿಂಗಳು ಕೆಲಸ ಮಾಡಿ ಬಂದವರು ವಾಪಸ್ ಬಂದು ಕೇಳೋ ಪ್ರಶ್ನೆಗಳೇ ಬೇರೆ ಇರುತ್ತವೆ.

ನಂಜನಗೂಡಿನವರಾದ ರಾಜೇಶ್ವರಿ ಚಟರ್ಜಿ ಐಐಎಸ್‌ಸಿಯಲ್ಲಿ ಕೆಲಸ ಮಾಡುತ್ತಿದ್ದಾಗ ಸರ್ಕಾರದ ಸ್ಕಾಲರ್‌ಶಿಪ್ ಪಡೆದು 1947ರಲ್ಲಿ ಹಡಗಿನಲ್ಲಿ ಅಮೆರಿಕಾಕ್ಕೆ ಹೋದರು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದಿ, 1953ರಲ್ಲಿ ಐಐಎಸ್‌ಸಿಗೇ ವಾಪಸ್ ಬಂದು ಮೈಕ್ರೋವೇವ್ ಮತ್ತು ಆಂಟೆನಾ ಕಲಿಸಿದರು. ಒಬ್ಬರು ಹೋಗಿ ಬಂದದ್ದರಿಂದ ಎಷ್ಟೋ ಬ್ಯಾಚ್‌ಗಳು ಕಲಿತವು. ಹೋಗಿ ಬರೋ ದಾರಿಯ ಬೆಲೆ ಅಷ್ಟು.

ಭಾಷೆಯ ಬಗ್ಗೆಯೂ ಒಂದು ಮಾತು. ಕ್ಲಾಸ್ ಇಂಗ್ಲಿಷ್‌ನಲ್ಲಿ ಇದ್ದರೂ ಅಂಗಡಿ, ಬಸ್ಸು, ಆಸ್ಪತ್ರೆ ಆ ದೇಶದ ಭಾಷೆಯಲ್ಲೇ ನಡೆಯುತ್ತವೆ. ಮನೆಯಲ್ಲಿ ಕನ್ನಡ, ಮಿರಜ್ ಪೇಟೆಯಲ್ಲಿ ಮರಾಠಿ ಮಾತಾಡಿ ಬೆಳೆದ ನಮ್ಮ ಕಡೆಯವರಿಗೆ ಮೂರನೇ, ನಾಲ್ಕನೇ ಭಾಷೆ ಅಂದ್ರೆ ಅಂಥ ಭಯ ಇಲ್ಲ. ಅದು ನಮ್ಮ ಬಲ.

ಸಹಿ ಹಾಕೋ ಮೊದಲು ಕೇಳಬೇಕಾದದ್ದು

1. ಒಪ್ಪಂದ ಈಗಲೂ ಜಾರಿಯಲ್ಲಿ ಇದೆಯಾ? ನಮ್ಮ ಬ್ರಾಂಚ್‌ಗೆ ಅನ್ವಯಿಸುತ್ತದಾ?
2. ಯಾವ ವಿಷಯಕ್ಕೆ ಯಾವ ವಿಷಯ ಸಮ ಅಂತ ಬರಹದಲ್ಲಿ ಕೊಡುತ್ತಾರಾ?
3. ಅಲ್ಲಿನ ಗ್ರೇಡ್ ನಮ್ಮ ಸಿಜಿಪಿಎಗೆ ಸೇರುತ್ತದಾ, ಅಥವಾ ಬರೀ ಪಾಸ್ ಅಂತ ಬರುತ್ತದಾ?
4. ಅಲ್ಲಿ ಒಂದು ವಿಷಯ ಫೇಲ್ ಆದರೆ ಇಲ್ಲಿ ಪರೀಕ್ಷೆ ಯಾವಾಗ?
5. ಬ್ಯಾಕ್‌ಲಾಗ್ ಇದ್ದವರು ಅರ್ಜಿ ಹಾಕಬಹುದಾ?
6. ಎರಡೂ ಕಡೆಯ ಕ್ಯಾಲೆಂಡರ್ ಹೊಂದುತ್ತದಾ? ಪ್ಲೇಸ್‌ಮೆಂಟ್ ಇರೋ ಏಳನೇ ಸೆಮಿಸ್ಟರ್‌ನಲ್ಲಿ ಹೋಗೋದಾದರೆ ಕಂಪನಿಗಳು ಬಂದಾಗ ನಾವು ಇಲ್ಲಿ ಇರೋದಿಲ್ಲ.

ಐದು ಅಥವಾ ಆರನೇ ಸೆಮಿಸ್ಟರ್‌ಗೆ ಹೋಗಬೇಕು ಅಂದ್ರೆ ಆಯ್ಕೆ, ಪಾಸ್‌ಪೋರ್ಟ್, ವೀಸಾ ಎಲ್ಲಾ ಸೇರಿ ಎರಡನೇ ವರ್ಷದಲ್ಲೇ ಕೆಲಸ ಶುರುವಾಗಬೇಕು. ಅಂದ್ರೆ ನಮ್ಮ ಬ್ಯಾಚ್‌ಗೆ ಸಮಯ ಇದೇ. ಈ ವಾರ ಕಾಲೇಜಿನ ಅಂತರರಾಷ್ಟ್ರೀಯ ಸಂಬಂಧಗಳ ಆಫೀಸಿಗೆ, ಅದು ಇಲ್ಲದಿದ್ದರೆ ಡೀನ್ ಆಫೀಸಿಗೆ ಹೋಗಿ, ಒಪ್ಪಂದಗಳ ಪಟ್ಟಿ ಕೇಳೋಣ. ಪಟ್ಟಿ ಖಾಲಿ ಇದ್ದರೆ, ನಮಗೆ ಬೇಕು ಅಂತ ಬರೆದು ಕೊಡೋಣ. ನಮಗೆ ಸಿಗದಿದ್ದರೂ ಮುಂದಿನ ಜೂನಿಯರ್ಸ್‌ಗೆ ಸಿಗಲಿ.