ಎಫ್9 ಕೀಗೆ ಕೆಲಸ ಹಚ್ಚಿ

ಪ್ರಶ್ನೆ: ಮನೆಯಿಂದಲೇ ಡಿಟಿಪಿ ಮಾಡುತ್ತೇನೆ. ಯಾರೋ ಟೈಪ್ ಮಾಡಿದ ಬರಹವನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆದು, ಎರಡೆರಡು ಸ್ಪೇಸ್, ಕಾಮಾಕ್ಕೆ ಮೊದಲು ಬಿದ್ದ ಸ್ಪೇಸ್ ಎಲ್ಲ ತೆಗೆಯುವಷ್ಟರಲ್ಲಿ ಸಾಕುಸಾಕಾಗುತ್ತದೆ. ಒಂದೇ ಕೀ ಒತ್ತಿ ಮುಗಿಸಲು ಬರುತ್ತದೆಯೇ?

ಉತ್ತರ: ಬರುತ್ತದೆ. ಇದಕ್ಕೆ ಪ್ರೋಗ್ರಾಮಿಂಗ್ ಏನೂ ಬೇಡ, ಮ್ಯಾಕ್ರೋ ಸಾಕು. ನೀವು ಮಾಡಿದ್ದನ್ನು ತಂತ್ರಾಂಶ ನೋಡಿಕೊಂಡು, ಆಮೇಲೆ ಹಾಗೆಯೇ ಮಾಡಿ ತೋರಿಸುತ್ತದೆ, ಅಷ್ಟೇ.

ಮ್ಯಾಕ್ರೋ ಮೆನುವಿನಲ್ಲಿ ಸ್ಟಾರ್ಟ್ ರೆಕಾರ್ಡಿಂಗ್ ಒತ್ತಿ. ಕಂಟ್ರೋಲ್ + ಎಚ್ ಒತ್ತಿ ರಿಪ್ಲೇಸ್ ತೆರೆಯಿರಿ. ಹುಡುಕುವ ಜಾಗದಲ್ಲಿ ಎರಡು ಸ್ಪೇಸ್, ಬದಲಿಗೆ ಒಂದು ಸ್ಪೇಸ್ ಕೊಟ್ಟು ರಿಪ್ಲೇಸ್ ಆಲ್. ಮತ್ತೆ 'ಸ್ಪೇಸ್, ಕಾಮಾ' ಹುಡುಕಿ ಬರೀ ಕಾಮಾ ಹಾಕಿಸಿ. ವ್ರ್ಯಾಪ್ ಅರೌಂಡ್‌ಗೆ ಟಿಕ್ ಇರಲೇಬೇಕು, ಇಲ್ಲದಿದ್ದರೆ ಕರ್ಸರ್ ಇದ್ದಲ್ಲಿಂದ ಕೆಳಗಿನದು ಮಾತ್ರ ಸರಿಯಾಗುತ್ತದೆ. ರೆಕಾರ್ಡಿಂಗ್ ನಿಲ್ಲಿಸಿ, ಸೇವ್ ಕರೆಂಟ್ ರೆಕಾರ್ಡೆಡ್ ಮ್ಯಾಕ್ರೋ ಆರಿಸಿದರೆ ಹೆಸರನ್ನೂ ಕೀಯನ್ನೂ ಕೇಳುತ್ತದೆ. ಅಲ್ಲಿ ಎಫ್9 ಆರಿಸಿ. ಸ್ಪೇಸ್‌ಗಳು ಮೂರು ನಾಲ್ಕು ಒಟ್ಟಿಗೆ ಬಿದ್ದಿದ್ದರೆ ಎಫ್9 ಎರಡು ಸಲ ಒತ್ತಬೇಕಾದೀತು.

ಎಫ್9 ಯಾಕೆಂದರೆ, ಅದು ಸಾಮಾನ್ಯವಾಗಿ ಖಾಲಿ. ಎಫ್3 ಮುಂದಿನದನ್ನು ಹುಡುಕುತ್ತದೆ, ಎಫ್5 ರನ್, ಎಫ್11 ಪೂರ್ತಿ ಪರದೆ. ನಿಮ್ಮ ಆವೃತ್ತಿಯಲ್ಲಿ ಯಾವುದು ಖಾಲಿ ಎಂದು ಸೆಟ್ಟಿಂಗ್ಸ್ ಮೆನುವಿನ ಶಾರ್ಟ್‌ಕಟ್ ಮ್ಯಾಪರ್‌ನಲ್ಲಿ ನೋಡಬಹುದು. ಇರುವ ಕೀ ಬದಲಿಸುವುದೂ ಅಲ್ಲೇ: ಸಾಲನ್ನು ಆರಿಸಿ ಮಾಡಿಫೈ ಒತ್ತಿ. ಒಂದೇ ಕೀ ಇಬ್ಬರ ಪಾಲಾದರೆ ಕೆಳಗೆ ಎಚ್ಚರಿಕೆ ಕಾಣಿಸುತ್ತದೆ. ಅದನ್ನು ಓದದೆ ಓಕೆ ಒತ್ತಿ, ಹುಡುಕಲು ಹೋದಾಗಲೆಲ್ಲ ಸಾಲು ಅಳಿಸಿಕೊಂಡವರಲ್ಲಿ ನಾನೂ ಒಬ್ಬ.

ಕಂಟ್ರೋಲ್ + ಆಲ್ಟ್ ಜೊತೆ ಅಂಕಿ ಸೇರಿಸುವ ಆಸೆ ಮಾತ್ರ ಬೇಡ. ವಿಂಡೋಸ್‌ಗೆ ಬಲಗಡೆಯ ಆಲ್ಟ್ ಜಿಆರ್ ಕೀಯೂ ಕಂಟ್ರೋಲ್ + ಆಲ್ಟ್ ಕೂಡ ಒಂದೇ. ಇಂಡಿಯಾ ಇಂಗ್ಲಿಷ್ ಲೇಔಟ್‌ನಲ್ಲಿ ಅದಕ್ಕೆ 4 ಸೇರಿದರೆ ₹ ಬರುತ್ತದೆ. ಎಫ್ ಕೀಗಳಿಗೆ ಈ ಕಾಟವಿಲ್ಲ. ಅವಕ್ಕೆ ಸ್ವಂತ ಅಕ್ಷರವಿಲ್ಲವಾದ್ದರಿಂದ ಕನ್ನಡ ಲೇಔಟ್ ಇದ್ದರೂ ಇಂಗ್ಲಿಷ್ ಇದ್ದರೂ ಅವು ಅವೇ.

ಲ್ಯಾಪ್‌ಟಾಪ್‌ನಲ್ಲಿ ಎಫ್9 ಒತ್ತಿದರೆ ಧ್ವನಿಯೋ ಬೆಳಕೋ ಬದಲಾದರೆ ಎಫ್‌ಎನ್ ಕೀ ಜೊತೆ ಒತ್ತಿ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ + ಎಸ್ಕೇಪ್ ಒತ್ತಿ ಇದನ್ನು ಖಾಯಂ ಮಾಡಬಹುದು.

ಎರಡು ಮೂರು ಕೀ ಬದಲಿಸಿದರೆ ಧಾರಾಳವಾಯಿತು. ಹತ್ತು ಬದಲಿಸಿದರೆ ಬೇರೆಯವರ ಕಂಪ್ಯೂಟರಿನ ಮುಂದೆ ಬೆರಳುಗಳಿಗೆ ದಿಕ್ಕು ತಪ್ಪುತ್ತದೆ. ಕಂಟ್ರೋಲ್ + ಎಸ್, ಕಂಟ್ರೋಲ್ + ಝಡ್‌ಗಳನ್ನಂತೂ ಮುಟ್ಟಬೇಡಿ.

ಈ ಬದಲಾವಣೆಗಳೆಲ್ಲ ಶಾರ್ಟ್‌ಕಟ್ಸ್ ಡಾಟ್ ಎಕ್ಸ್‌ಎಂಎಲ್ ಎಂಬ ಒಂದೇ ಕಡತದಲ್ಲಿರುತ್ತವೆ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸುವ ಮೊದಲು ಅದರ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ.