ಊರಂಚಿನ ವಸತಿ ಬಡಾವಣೆ: ಅಹವಾಲು ಹೇಳಿಕೊಳ್ಳುವ ಅವಕಾಶ ಯಾರಿಗೆ, ಎಂದು, ಹೇಗೆ?

ಊರಿನ ಅಂಚಿನಲ್ಲಿ ವಸತಿ ಬಡಾವಣೆಯೊಂದು ಬರಲಿದೆ ಎಂಬ ಸುದ್ದಿ ನಮ್ಮ ಸದಸ್ಯರಲ್ಲಿ ಅನೇಕರಿಗೆ ತಿಳಿಯುವುದು ಪಕ್ಕದ ಹೊಲದಲ್ಲಿ ಜೆಸಿಬಿ ಬಂದು ನಿಂತ ದಿನ. ಅಷ್ಟು ಹೊತ್ತಿಗೆ ಕಾನೂನು ಕೇಳಬೇಕಾದುದನ್ನು ಕೇಳಿ ಮುಗಿಸಿರುತ್ತದೆ. ದಿನಪತ್ರಿಕೆಯ ಒಳಪುಟದಲ್ಲಿ ಸಣ್ಣಕ್ಷರದ ಪ್ರಕಟಣೆ ಬಂದಿರುತ್ತದೆ. ಆಕ್ಷೇಪಣೆಯ ಗಡುವು ಕಳೆದಿರುತ್ತದೆ. ಕಡತದಲ್ಲಿ ‘ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ’ ಎಂಬ ಷರಾ ಬಿದ್ದಿರುತ್ತದೆ. ಸ್ಥಳೀಯ ನಿವಾಸಿಗಳ ಅಭಿಪ್ರಾಯವನ್ನು ಕಾನೂನು ಯಾವ ಯಾವ ಹಂತದಲ್ಲಿ ಕೇಳುತ್ತದೆ, ಯಾರನ್ನು ಕೇಳುತ್ತದೆ, ಯಾರನ್ನು ಕೇಳದೆ ಬಿಡುತ್ತದೆ ಎಂಬುದನ್ನು ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಲಾಗಿದೆ. ಸ್ವತಃ ಬಡಾವಣೆ ನಿರ್ಮಿಸುವ ಸದಸ್ಯರಿಗೂ ಕೊನೆಯಲ್ಲಿ ಕೆಲವು ಮಾತುಗಳಿವೆ.

ಊರಂಚಿನ ನಿವಾಸಿ ಎಂದರೆ ಯಾರು? ಜಮೀನಿನ ಖಾತೆದಾರ ರೈತ ಸರಿಯೇ. ಆದರೆ ಅಲ್ಲಿಯೇ ಬಾಡಿಗೆ ಷೆಡ್ಡಿನಲ್ಲಿ ಲೇತು, ಪ್ರೆಸ್ಸು ಇಟ್ಟುಕೊಂಡವರು, ಸಿಮೆಂಟ್ ಇಟ್ಟಿಗೆ ಮಾಡುವವರು, ಹಿಟ್ಟಿನ ಗಿರಣಿಯವರು, ರಸ್ತೆ ಬದಿಯ ಪಂಕ್ಚರ್ ಅಂಗಡಿಯವರು, ಅವರಲ್ಲಿ ದುಡಿಯುವ ಮಂದಿ, ಇವರೆಲ್ಲರ ಬದುಕೂ ಆ ನೆಲಕ್ಕೆ ಅಂಟಿಕೊಂಡಿದೆ. ಕಾನೂನಿನ ಕಣ್ಣಿಗೆ ಮಾತ್ರ ಇವರೆಲ್ಲರೂ ಒಂದೇ ತೆರನಾಗಿ ಕಾಣುವುದಿಲ್ಲ.

ಮೊದಲ ಅವಕಾಶ ಒದಗುವುದು ಮಹಾಯೋಜನೆಯ ಹಂತದಲ್ಲಿ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ ಕಲಂ 13ರ ಪ್ರಕಾರ, ಕರಡು ಮಹಾಯೋಜನೆಯನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯಕ್ಕೆ 60 ದಿನಗಳ ಕಾಲಾವಕಾಶ ನೀಡಬೇಕು. ಎಲ್ಲ ಹಂತಗಳಿಗಿಂತ ಇದು ಹೆಚ್ಚು ಬೆಲೆಯುಳ್ಳದ್ದು. ವರ್ತಕ ಸಮುದಾಯ ಅತಿ ಕಡಿಮೆ ಬಳಸಿಕೊಳ್ಳುವುದೂ ಇದನ್ನೇ ಎಂದು ಈ ಲೇಖಕನ ಅನಿಸಿಕೆ. ನಕ್ಷೆಯಲ್ಲಿ ಸಾಮಾನ್ಯವಾಗಿ ವಸತಿ ಪ್ರದೇಶಕ್ಕೆ ಹಳದಿ, ಕೈಗಾರಿಕೆಗೆ ನೇರಳೆ ಬಣ್ಣವಿರುತ್ತದೆ. ತನ್ನ ಸರ್ವೆ ನಂಬರಿನ ಬಣ್ಣ ನೋಡಿ ಸಮಾಧಾನಪಟ್ಟುಕೊಂಡು ಹಿಂದಿರುಗುವವರೇ ಹೆಚ್ಚು. ನೋಡಬೇಕಾದುದು ಪಕ್ಕದ ಸರ್ವೆ ನಂಬರಿನ ಬಣ್ಣ. ನೇರಳೆಗೆ ತಾಗಿ, ನಡುವೆ ರಸ್ತೆಯಾಗಲಿ ಹಸಿರು ಪಟ್ಟಿಯಾಗಲಿ ಇಲ್ಲದೆ ಹಳದಿ ಬಿದ್ದಿದ್ದರೆ, ಮುಂದಿನ ತಕರಾರಿನ ಬೀಜ ಅಲ್ಲಿಯೇ ಇದೆ.

ಎರಡನೆಯದು ಭೂ ಬಳಕೆಯ ಬದಲಾವಣೆ. ಮಹಾಯೋಜನೆ ಜಾರಿಗೆ ಬಂದ ನಂತರ ಕೃಷಿ ವಲಯದ ಜಮೀನನ್ನು ವಸತಿ ಬಳಕೆಗೆ ಬದಲಿಸಬೇಕಾದರೆ, ಅದೇ ಅಧಿನಿಯಮದ ಕಲಂ 14-ಎ ಅನ್ವಯ, ಆ ಪ್ರದೇಶದಲ್ಲಿ ಪ್ರಸಾರವುಳ್ಳ ದಿನಪತ್ರಿಕೆಯಲ್ಲಿ ಪ್ರಕಟಣೆ ನೀಡಿ ಕನಿಷ್ಠ 15 ದಿನಗಳ ಅವಧಿಯಲ್ಲಿ ಸಾರ್ವಜನಿಕರಿಂದ ಆಕ್ಷೇಪಣೆ ಕೇಳಬೇಕು. ಇಲ್ಲಿ ‘ಸಾರ್ವಜನಿಕರು’ ಎಂಬ ಪದವನ್ನು ಗಮನಿಸಿರಿ. ಜಮೀನಿನ ಮಾಲೀಕರೇ ಆಗಬೇಕೆಂದಿಲ್ಲ. ಬಾಡಿಗೆದಾರರೂ ನೆರೆಯವರೂ ಬರೆಯಬಹುದು. ಆದರೆ ಇದೇ ಕಲಮಿನ (3)ನೇ ಉಪಕಲಮು ನಮ್ಮ ಸದಸ್ಯರು ವಿಶೇಷವಾಗಿ ಅರಿತಿರಬೇಕಾದದ್ದು. ಕೈಗಾರಿಕೆ ಅಥವಾ ವಾಣಿಜ್ಯ ಬಳಕೆಯಿಂದ ವಸತಿ ಬಳಕೆಗೆ ಬದಲಾಗುವುದಾದರೆ, ನಿಗದಿತ ಶುಲ್ಕ ಕಟ್ಟಿ ಪ್ರಾಧಿಕಾರಕ್ಕೆ ಮುಂಚಿತವಾಗಿ ತಿಳಿಸಿದರೆ ಅನುಮತಿ ದೊರೆತಂತೆಯೇ ಭಾವಿಸತಕ್ಕದ್ದು ಎಂದು ಅದು ಹೇಳುತ್ತದೆ. ಅಂದರೆ, ಹೊಲದಲ್ಲಿ ಮನೆಗಳು ಏಳುವುದಕ್ಕೆ ಮುಂಚೆ ನಿಮ್ಮನ್ನು ಕೇಳುತ್ತಾರೆ. ಪಕ್ಕದ ಮುಚ್ಚಿದ ಕಾರ್ಖಾನೆಯ ಜಾಗದಲ್ಲಿ ಅಪಾರ್ಟ್‌ಮೆಂಟು ಏಳುವುದಕ್ಕೆ ಮುಂಚೆ ಕೇಳಬೇಕೆಂದಿಲ್ಲ. ವಸತಿ ಬಳಕೆ ಯಾರಿಗೂ ತೊಂದರೆ ಕೊಡದು ಎಂಬುದು ಈ ನಿಯಮದ ಹಿಂದಿನ ತರ್ಕವಿದ್ದೀತು. ಹೊಸ ಮನೆಯವರು ಹಳೆಯ ಉದ್ಯಮಕ್ಕೆ ಒಡ್ಡುವ ತೊಂದರೆ ಅದರ ಲೆಕ್ಕಕ್ಕೆ ಬಂದಂತಿಲ್ಲ.

ಮೂರನೆಯ ಸಂದರ್ಭ, ಪ್ರಾಧಿಕಾರವೇ ಜಮೀನನ್ನು ಸ್ವಾಧೀನಪಡಿಸಿಕೊಂಡು ಬಡಾವಣೆ ನಿರ್ಮಿಸುವುದು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ, 1976ರ ಕಲಂ 17ರ ಪ್ರಕಾರ ಪ್ರಾಥಮಿಕ ಅಧಿಸೂಚನೆ ಹೊರಡಿಸಿ, ಆಸ್ತಿ ತೆರಿಗೆ ಅಥವಾ ಭೂಕಂದಾಯ ಕಟ್ಟುವ ಹೊಣೆಯುಳ್ಳವರೆಂದು ದಾಖಲೆಯಲ್ಲಿ ಹೆಸರಿರುವವರಿಗೆ ನೋಟೀಸು ನೀಡಿ, 30 ದಿನಗಳೊಳಗೆ ಕಾರಣ ತೋರಿಸಲು ತಿಳಿಸಬೇಕು. ಬೆಂಗಳೂರಿನ ಹೊರಗಿನ ಅನೇಕ ಊರುಗಳಿಗೆ ಅನ್ವಯಿಸುವ 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಅಧಿನಿಯಮವೂ ಇದೇ ಜಾಡಿನಲ್ಲಿದೆ. ನೋಟೀಸು ಹೋಗುವುದು ಪಹಣಿಯಲ್ಲಿರುವ ಹೆಸರಿಗೆ. ಹತ್ತು ವರ್ಷದಿಂದ ಷೆಡ್ಡು ಬಾಡಿಗೆಗೆ ಹಿಡಿದ ಉದ್ಯಮಿಗೆ ಅದು ಬರುವುದಿಲ್ಲ. ಮಾಲೀಕ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅರ್ಕಾವತಿ ಬಡಾವಣೆಯ ಪ್ರಸಂಗದಿಂದ ಇಲ್ಲಿ ಕಲಿಯಬೇಕಾದುದು ಬಹಳವಿದೆ. 2003ರ ಫೆಬ್ರವರಿ 3ರ ಪ್ರಾಥಮಿಕ ಅಧಿಸೂಚನೆಯಲ್ಲಿ ಬೆಂಗಳೂರಿನ ಉತ್ತರದ 16 ಗ್ರಾಮಗಳ 3,339 ಎಕರೆ 12 ಗುಂಟೆ ಜಮೀನು ಸೇರಿತ್ತು. 2004ರ ಫೆಬ್ರವರಿ 23ರ ಅಂತಿಮ ಅಧಿಸೂಚನೆ ಹೊರಟಿದ್ದು 2,750 ಎಕರೆಗೆ. ನಡುವಿನ ಸುಮಾರು 589 ಎಕರೆ ಕೈಬಿಟ್ಟಾಗ, ಒಂದೇ ಬಗೆಯ ಜಮೀನುಗಳಲ್ಲಿ ಕೆಲವು ಹೊರಗುಳಿದು ಕೆಲವು ಒಳಗುಳಿದವೆಂಬುದು ವ್ಯಾಜ್ಯದ ತಿರುಳಾಯಿತು. ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು 2005ರಲ್ಲಿ ಯೋಜನೆಯನ್ನು ಉಳಿಸಿ, ಕೆಲವು ವರ್ಗದ ಭೂಮಾಲೀಕ ಅರ್ಜಿದಾರರು ತಮ್ಮ ಜಮೀನನ್ನು ಕೈಬಿಡುವಂತೆ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದೆಂದು ನಿರ್ದೇಶಿಸಿತು. ಹಸಿರು ವಲಯದಲ್ಲಿರುವ ಜಮೀನು, ಪೂರ್ತಿ ಕಟ್ಟಡಗಳಿರುವ ಜಾಗ, ಶಿಕ್ಷಣ, ಧರ್ಮಾರ್ಥ ಅಥವಾ ಧಾರ್ಮಿಕ ಸಂಸ್ಥೆಗಳ ಕಟ್ಟಡಗಳಿರುವ ಜಾಗ, ನರ್ಸರಿ ಜಮೀನು, ಕಾರ್ಖಾನೆ ಸ್ಥಾಪಿಸಿದ ಜಾಗ, ಕೈಬಿಟ್ಟ ನೆರೆಯ ಜಮೀನನ್ನೇ ಹೋಲುವ ಜಮೀನು ಇವು ಆ ವರ್ಗಗಳು. 2010ರ ಮೇ 5ರಂದು ಬೊಂದು ರಾಮಸ್ವಾಮಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾರ್ಪಾಡುಗಳೊಡನೆ ಈ ಏರ್ಪಾಡನ್ನು ಎತ್ತಿಹಿಡಿಯಿತು.

ಆ ಪಟ್ಟಿಯಲ್ಲಿ ‘ಕಾರ್ಖಾನೆ’ ಎಂಬ ಪದವಿರುವುದನ್ನು ಕಂಡು ನಮ್ಮವರು ಹರ್ಷಪಡುವುದು ಸಹಜ. ಆದರೆ ಅಧಿಸೂಚನೆಯಿಂದ ಅಲ್ಲಿಗೆ ತಲುಪಲು ಏಳು ವರ್ಷ ಹಿಡಿಯಿತು. ನ್ಯಾಯಾಲಯದ ಮೆಟ್ಟಿಲೇರಿದವರಿಗೆ ಮರಳಿ ದೊರೆತದ್ದು ಮೊದಲ 30 ದಿನಗಳಲ್ಲಿಯೇ ಇದ್ದ ಅವಕಾಶ, ಅಂದರೆ ಅರ್ಜಿ ಕೊಟ್ಟು ತಮ್ಮ ಮಾತು ಹೇಳಿಕೊಳ್ಳುವುದು. ಆ ಏಳು ವರ್ಷ ಅಂಥ ಜಾಗದ ಮೇಲೆ ಬ್ಯಾಂಕ್ ಸಾಲ ಎತ್ತುವುದು, ಹೊಸ ಯಂತ್ರ ಕೂರಿಸುವುದು ಎಷ್ಟು ಕಷ್ಟವೆಂಬುದನ್ನು ಉದ್ಯಮಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಡಾ. ಕೆ. ಶಿವರಾಮ ಕಾರಂತ ಬಡಾವಣೆಯಲ್ಲಂತೂ 2008ರ ಡಿಸೆಂಬರ್ 30ರ ಪ್ರಾಥಮಿಕ ಅಧಿಸೂಚನೆಗೂ 2018ರ ಅಕ್ಟೋಬರ್ 30ರ ಅಂತಿಮ ಅಧಿಸೂಚನೆಗೂ ನಡುವೆ ಹತ್ತು ವರ್ಷ ಸಂದವು.

ಕೇಂದ್ರದ 2013ರ ಭೂಸ್ವಾಧೀನ ಅಧಿನಿಯಮ ಈ ವಿಷಯದಲ್ಲಿ ಹೆಚ್ಚು ವಿಶಾಲವಾದುದು. ಸಾಮಾಜಿಕ ಪರಿಣಾಮದ ಅಧ್ಯಯನ, ಸ್ಥಳದಲ್ಲಿಯೇ ಸಾರ್ವಜನಿಕ ವಿಚಾರಣೆ, ಆಕ್ಷೇಪಣೆಗೆ 60 ದಿನ ಎಲ್ಲವೂ ಅದರಲ್ಲಿವೆ. ಜಮೀನಿಲ್ಲದಿದ್ದರೂ ಮೂರು ವರ್ಷದಿಂದ ಅಲ್ಲಿ ದುಡಿಯುತ್ತಿದ್ದು ಜೀವನೋಪಾಯಕ್ಕೆ ಧಕ್ಕೆಯಾಗುವ ಬಾಡಿಗೆದಾರ, ಕುಶಲಕರ್ಮಿ ಕುಟುಂಬಗಳನ್ನೂ ಅದು ‘ಬಾಧಿತ ಕುಟುಂಬ’ವೆಂದು ಎಣಿಸುತ್ತದೆ. ಆದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಸ್ವಾಧೀನಗಳಿಗೆ ಈ ಕಾಯಿದೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ 2022ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಪರಿಸರ ಅನುಮತಿಯ ಹಂತದಲ್ಲಾದರೂ ವಿಚಾರಣೆ ಇದ್ದೀತೆಂದು ಕಾಯುವುದು ವ್ಯರ್ಥ. 2006ರ ಪರಿಸರ ಪರಿಣಾಮ ಅಧಿಸೂಚನೆಯು 20,000 ಚದರ ಮೀಟರ್ ಹಾಗೂ ಅದಕ್ಕೂ ಮೇಲ್ಪಟ್ಟ ನಿರ್ಮಾಣಗಳಿಗೆ ಅನುಮತಿ ಬೇಕೆನ್ನುತ್ತದೆಯೇ ಹೊರತು, ವಸತಿ ನಿರ್ಮಾಣಗಳನ್ನು ಸಾರ್ವಜನಿಕ ಸಮಾಲೋಚನೆಯಿಂದ ಹೊರಗಿರಿಸಿದೆ.

ಇಷ್ಟೆಲ್ಲ ತಲೆಬೇನೆ ಏಕೆ, ಜಮೀನು ಕಳೆದುಕೊಳ್ಳುವವರು ಹೋರಾಡಲಿ ಎಂದು ಹೇಳುವ ಉದ್ಯಮಿಗಳಿದ್ದಾರೆ. ಅವರು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳನ್ನು ಒಮ್ಮೆ ಓದಬೇಕು. ಕೈಗಾರಿಕಾ ಪ್ರದೇಶದ ಮಿತಿ ಹಗಲು 75 ಡೆಸಿಬೆಲ್, ರಾತ್ರಿ 70. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45. ಹಗಲಿನ 20 ಡೆಸಿಬೆಲ್ ಅಂತರವೆಂದರೆ ಶಬ್ದಶಕ್ತಿಯಲ್ಲಿ ನೂರು ಪಟ್ಟು. ಮಿತಿಗಿಂತ 10 ಡೆಸಿಬೆಲ್ ಮೀರಿದರೆ ದೂರು ಕೊಡುವ ಹಕ್ಕು ಯಾರಿಗೂ ಉಂಟು. ನಿಮ್ಮ ಪವರ್ ಪ್ರೆಸ್ಸು ನಿನ್ನೆಯಷ್ಟೇ ಸದ್ದು ಇಂದೂ ಮಾಡುತ್ತಿರುತ್ತದೆ; ಗೋಡೆಯಾಚೆಯ ಹೊಲ ವಸತಿ ಪ್ರದೇಶವಾದ ಕೂಡಲೇ ಅದನ್ನು ಅಳೆಯುವ ಗಜಕಡ್ಡಿ ಬದಲಾಗಿರುತ್ತದೆ.

‘ನಾವು ಮೊದಲು ಬಂದವರು’ ಎಂಬ ವಾದವೂ ಅಷ್ಟಾಗಿ ಆಸರೆಯಾಗದು. ಉಪಟಳದ ಕಾನೂನನ್ನು ನಾವು ಪಡೆದದ್ದು ಇಂಗ್ಲೆಂಡಿನಿಂದ. ಅಲ್ಲಿನ 1879ರ ಸ್ಟರ್ಜಸ್ ವಿರುದ್ಧ ಬ್ರಿಡ್ಜ್‌ಮನ್ ಪ್ರಕರಣ ಪ್ರಸಿದ್ಧವಾದುದು. ಲಂಡನ್ನಿನ ಮಿಠಾಯಿ ವ್ಯಾಪಾರಿಯೊಬ್ಬ ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಒರಳುಗಳಲ್ಲಿ ಕುಟ್ಟುತ್ತಿದ್ದ. ನೆರೆಯ ವೈದ್ಯ ತನ್ನ ತೋಟದ ಕೊನೆಯಲ್ಲಿ, ಆ ಒರಳುಗಳ ಗೋಡೆಗೆ ಒತ್ತಿ, ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿ ನ್ಯಾಯಾಲಯಕ್ಕೆ ಹೋದ. ಗೆದ್ದವನು ವೈದ್ಯ. ಇಂಗ್ಲೆಂಡಿನ ಯೋಜನಾ ನೀತಿಯು 2018ರಲ್ಲಿ ಇದನ್ನು ಒಂದಿಷ್ಟು ಸರಿದೂಗಿಸಿ, ಹಳೆಯ ಉದ್ಯಮದ ಪಕ್ಕ ಹೊಸದಾಗಿ ಕಟ್ಟುವವರೇ ತಮ್ಮ ಮನೆಗಳಿಗೆ ಬೇಕಾದ ರಕ್ಷಣೆಯ ವೆಚ್ಚ ಭರಿಸಬೇಕೆಂಬ ತತ್ತ್ವವನ್ನು ಅಂಗೀಕರಿಸಿತು. ನಮ್ಮ 1961ರ ಅಧಿನಿಯಮದಲ್ಲಿ ಇಂಥ ಮಾತಿಲ್ಲ. ಆದುದರಿಂದ ಇಲ್ಲಿ ಆಕ್ಷೇಪಣೆಯ ಅರ್ಜಿಯಲ್ಲಿಯೇ ಅದನ್ನು ಕೇಳಿಕೊಳ್ಳಬೇಕಾಗುತ್ತದೆ.

ಅರ್ಜಿಯ ಬಗೆಗೆ ಹೇಳುವುದಾದರೆ, ‘ಬಡಾವಣೆ ಬೇಡ’ ಎಂದು ನೂರು ಸಹಿ ಹಾಕಿದ ಮನವಿಗಿಂತ ‘ಇದು ಇಲ್ಲಿ ಬೇಡ, ಅಲ್ಲಿರಲಿ’ ಎಂದು ನಕ್ಷೆಯ ಮೇಲೆ ಗೆರೆ ಎಳೆದು ತೋರಿಸುವ ಒಂದು ಪುಟಕ್ಕೆ ತೂಕ ಹೆಚ್ಚು. ಬೆಂಗಳೂರು ಪ್ರಾಧಿಕಾರದ ಬಡಾವಣೆಗಳಲ್ಲಿ ಶೇ. 15 ಭಾಗ ಉದ್ಯಾನ ಮತ್ತು ಆಟದ ಮೈದಾನಕ್ಕೆ, ಜೊತೆಗೆ ಶೇ. 10 ಭಾಗ ನಾಗರಿಕ ಸೌಲಭ್ಯಗಳಿಗೆ ಮೀಸಲಿಡಬೇಕೆಂದು ಕಾನೂನೇ ಹೇಳುತ್ತದೆ. ಆ ಉದ್ಯಾನ, ನೀರಿನ ಟ್ಯಾಂಕು, ಮುಖ್ಯರಸ್ತೆಗಳನ್ನು ಕೈಗಾರಿಕೆಗಳ ಗಡಿಯುದ್ದಕ್ಕೂ ಇರಿಸಿದರೆ, ಪ್ರಾಧಿಕಾರಕ್ಕೆ ಒಂದು ನಿವೇಶನವೂ ನಷ್ಟವಾಗದೆ ಮನೆಗಳು ದೂರ ಸರಿಯುತ್ತವೆ. ಶಾಲೆ, ಆಸ್ಪತ್ರೆಗಳ ಜಾಗವನ್ನು ಮಾತ್ರ ಎದುರು ತುದಿಗೆ ಕೇಳಬೇಕು. ಲಾರಿಗಳ ದಾರಿ ಬಡಾವಣೆಯ ಒಳಗೆ ಹಾಯದಿರುವುದು, ಮಳೆನೀರಿನ ಕಾಲುವೆ ಮುಚ್ಚಿಹೋಗದಿರುವುದು ಇವೂ ಸೇರಲಿ. ಉದ್ಯಮ ಎಂದಿನಿಂದ ಅಲ್ಲಿದೆ ಎಂಬುದಕ್ಕೆ ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ಉದ್ದಿಮೆ ಪರವಾನಗಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರಗಳ ನಕಲು ಲಗತ್ತಿಸಿ, ಖುದ್ದು ವಿಚಾರಣೆಗೆ ಅವಕಾಶ ಕೋರಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಮಾಹಿತಿ ಹಕ್ಕಿನಡಿ ನಕ್ಷೆ ತರಿಸಿಕೊಂಡು ಬರೆಯೋಣವೆಂದರೆ ಉತ್ತರಕ್ಕೆ 30 ದಿನ, ಆಕ್ಷೇಪಣೆಗೆ 15 ದಿನ! ಪ್ರಕಟಣೆ ಬಂದ ವಾರದಲ್ಲಿಯೇ ಕಚೇರಿಗೆ ಹೋಗಿ ಕಡತ ನೋಡುವುದೇ ಸರಿಯಾದ ದಾರಿ.

ಇನ್ನು ಬಡಾವಣೆ ನಿರ್ಮಿಸುವ ಸದಸ್ಯರಿಗೆ. ಕಾನೂನು ಕೇಳಿದಷ್ಟು ಪ್ರಕಟಣೆ ಕೊಟ್ಟು ಸುಮ್ಮನಾಗುವುದು ಅಗ್ಗವೆಂದು ತೋರುತ್ತದೆ. ಆದರೆ 2016ರ ರಿಯಲ್ ಎಸ್ಟೇಟ್ ಅಧಿನಿಯಮದ ಕಲಂ 14ರ ಪ್ರಕಾರ, ಮಾರಾಟವಾದ ಮೇಲೆ ಮಂಜೂರಾದ ವಿನ್ಯಾಸವನ್ನು ಬದಲಿಸಲು ಖರೀದಿದಾರರಲ್ಲಿ ಮೂರನೇ ಎರಡು ಭಾಗದವರ ಲಿಖಿತ ಒಪ್ಪಿಗೆ ಬೇಕು. ಸ್ಮಶಾನದ ದಾರಿ, ದನ ಹೊಡೆದುಕೊಂಡು ಹೋಗುವ ಓಣಿ, ಕೆರೆಗೆ ನೀರು ಹರಿಯುವ ಕಾಲುವೆ, ಜಾತ್ರೆಯ ತೇರು ಎಳೆಯುವ ಬೀದಿ ಎಷ್ಟೋ ಕಡೆ ಸರ್ವೆ ನಕ್ಷೆಯಲ್ಲಿರುವುದಿಲ್ಲ, ಊರಿನವರ ನೆನಪಿನಲ್ಲಿರುತ್ತವೆ. ಪೆನ್ಸಿಲಿನ ಗೆರೆಯಾಗಿರುವಾಗ ಅವನ್ನು ಕೇಳಿ ತಿಳಿದರೆ ಖರ್ಚು ಒಂದು ರಬ್ಬರಿನದು. ಸಭೆಯನ್ನು ಪಟ್ಟಣದ ಕಚೇರಿಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಕರೆಯುವ ಬದಲು, ಗ್ರಾಮದ ಶಾಲೆಯಲ್ಲಿ ಸಂಜೆ ಕರೆಯಿರಿ. ಹೆಂಗಸರೂ ಕೂಲಿಗೆ ಹೋದವರೂ ಆಗ ಬರಬಲ್ಲರು. ಅಂಗಡಿ, ಷೆಡ್ಡುಗಳ ಬಾಡಿಗೆದಾರರನ್ನು ಬೇರೆಯಾಗಿಯೇ ಕರೆಯಿರಿ. ಮಾಲೀಕರ ಎದುರು ಅವರು ಬಾಯಿ ಬಿಡುವುದು ಕಡಿಮೆ. ನಕ್ಷೆಯನ್ನು ಗೋಡೆಗೆ ತೂಗುಹಾಕುವುದಕ್ಕಿಂತ, ಗಡಿಯ ಮೂಲೆಗಳಲ್ಲಿ ಸುಣ್ಣದ ಗುರುತು ಹಾಕಿ ಜೊತೆಯಲ್ಲಿ ನಡೆದು ತೋರಿಸಿದರೆ ಪ್ರಶ್ನೆಗಳು ಖಚಿತವಾಗುತ್ತವೆ. ಹೇಳಿದ್ದನ್ನು ಕನ್ನಡದಲ್ಲಿ ಬರೆದು, ಓದಿ ಹೇಳಿ, ಸಹಿ ಪಡೆದು, ಯಾವುದನ್ನು ಒಪ್ಪಲಾಯಿತು, ಯಾವುದನ್ನು ಏಕೆ ಒಪ್ಪಲಾಗಲಿಲ್ಲ ಎಂಬ ಪ್ರತಿಯೊಂದನ್ನು ಗ್ರಾಮ ಪಂಚಾಯತಿಯ ಫಲಕಕ್ಕೆ ಹಚ್ಚಿರಿ. ಮತ್ತೊಂದು ಪ್ರತಿ ನಿಮ್ಮ ಕಡತದಲ್ಲಿರಲಿ; ಮುಂದೆ ಆಕ್ಷೇಪಣೆಯ ವಿಚಾರಣೆ ನಡೆದಾಗ ಅಧಿಕಾರಿಗಳ ಮುಂದಿಡಲು ಅದೇ ದಾಖಲೆಯಾಗುತ್ತದೆ.