ಸಾವನ್ನು ಬೇಡಿದ ಪ್ರವಾದಿ, ರೊಟ್ಟಿ ತಂದ ದೇವದೂತ



ದ್ವಿತೀಯ ಪಿಯುಸಿ ಫಲಿತಾಂಶ ಬಂದ ಒಂದು ಭಾನುವಾರ, ಬಲಿಪೂಜೆಯ ನಂತರ ತಾಯಿಯೊಬ್ಬರು ಮಗನನ್ನು ಕರೆತಂದರು. "ಫಾದರ್, ಇವನಿಗೆ ಸ್ವಲ್ಪ ಬುದ್ಧಿ ಹೇಳಿ. ರಾತ್ರಿಯೆಲ್ಲ ಎಚ್ಚರ, ಬೆಳಿಗ್ಗೆ ಏಳೋದಿಲ್ಲ. ಊಟ ಬೇಡ. ಜಪಸರಕ್ಕೆ ಕರೆದರೆ ಗೋಡೆ ಕಡೆ ತಿರುಗಿ ಮಲಗ್ತಾನೆ." ನಾನು ಬುದ್ಧಿ ಹೇಳಿದೆ. ಪ್ರಾರ್ಥನೆ ಬಿಟ್ಟರೆ ಮನಸ್ಸು ಹೀಗೆಯೇ ಆಗುವುದು ಎಂದೆ, ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದೆ. "ಆಯ್ತು ಫಾದರ್" ಎಂದು ಹುಡುಗ ಹೋದ. ಮೂರು ವಾರಗಳ ನಂತರ ಅವನನ್ನು ನೋಡಿದ್ದು ಆಸ್ಪತ್ರೆಯಲ್ಲಿ. ದೇವರ ದಯೆ, ಬದುಕಿಕೊಂಡಿದ್ದ.

ಆ ರಾತ್ರಿ ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯ ತೆರೆದೆ. ಕಾರ್ಮೆಲ್ ಬೆಟ್ಟದಲ್ಲಿ ಬೆಂಕಿಯನ್ನು ಇಳಿಸಿದ್ದ ಎಲೀಯ, ರಾಣಿಯ ಬೆದರಿಕೆಗೆ ಹೆದರಿ ಮರುಭೂಮಿಗೆ ಓಡಿ, ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ, ಹಾಗೆಯೇ ನಿದ್ದೆಹೋಗುತ್ತಾನೆ. ದೇವರು ಕಳಿಸಿದ ದೂತನು ಬಂದು ಏನು ಮಾಡಿದ? 'ಪ್ರವಾದಿಯಾಗಿ ಹೀಗೆ ಮಾತನಾಡುವುದೇ?' ಎಂದು ಗದರಿಸಲಿಲ್ಲ. ಮೈಮುಟ್ಟಿ ಎಬ್ಬಿಸಿದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೆಯ ಸಲವೂ ಬಂದ. ನಿನ್ನ ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂದು ಅವನ ಕಷ್ಟವನ್ನು ಒಪ್ಪಿಕೊಂಡ. ಹೋರೇಬ್ ಬೆಟ್ಟದಲ್ಲಿ ದೇವರು ಎಲೀಯನನ್ನು ವಿಚಾರಿಸಿದ್ದೂ ಹೊಸ ಕೆಲಸ ಒಪ್ಪಿಸಿದ್ದೂ ನಾಲ್ವತ್ತು ದಿನಗಳಾದ ಮೇಲೆ. ಇಷ್ಟು ವರ್ಷ ದೈವಶಾಸ್ತ್ರ ಓದಿದ ನನಗೆ ಈ ಅನುಕ್ರಮ ಕಣ್ಣಿಗೆ ಬಿದ್ದಿರಲಿಲ್ಲ.

ನಿದ್ದೆ, ಊಟ, ಮುಟ್ಟಿ ಮಾತನಾಡಿಸುವ ಒಬ್ಬರು. ಮನೆಯಲ್ಲಿ ಕೊಡಲು ಇದಕ್ಕೆ ಹಣ ಬೇಕಿಲ್ಲ. ದಿನಕ್ಕೆ ಒಂದು ಹೊತ್ತಾದರೂ ಟಿವಿ, ಮೊಬೈಲ್ ದೂರವಿಟ್ಟು ಜೊತೆಯಲ್ಲಿ ಉಣ್ಣಿರಿ. ಆ ಹೊತ್ತಿನಲ್ಲಿ ಅಂಕದ ಮಾತು, ಚಿಕ್ಕಪ್ಪನ ಮಗಳ ಇಂಜಿನಿಯರಿಂಗ್ ಸೀಟಿನ ಮಾತು ಬೇಡ. ಮಗು ಬಾಯಿಬಿಟ್ಟರೆ ನಡುವೆ ಉಪದೇಶ ತರಬೇಡಿ. (ಗುರುಗಳಾದ ನಮಗೆ ಇದು ನಿಮಗಿಂತ ಕಷ್ಟ!)

ಎರಡು ವಾರಗಳಾದರೂ ನಿದ್ದೆ, ಹಸಿವು, ಓದು, ಗೆಳೆತನ ಎಲ್ಲವೂ ಕೆಟ್ಟೇ ಇದ್ದರೆ ವೈದ್ಯರ ಬಳಿಗೆ ಹೋಗಬೇಕು. 'ಬದುಕು ಬೇಡ' ಎಂಬ ಮಾತು ಬಂದರೆ ಎರಡು ವಾರ ಕಾಯುವಂತಿಲ್ಲ, ಅಂದೇ ಹೋಗಬೇಕು; ಮಗುವನ್ನು ಒಂಟಿಯಾಗಿ ಬಿಡಬಾರದು. "ಸಾಯುವ ಯೋಚನೆ ಬರುತ್ತಿದೆಯೇನಪ್ಪಾ?" ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ. ಮಾತ್ರೆ ನುಂಗುವುದು ವಿಶ್ವಾಸದ ಕೊರತೆಯೆಂದು ಹಲವರ ಅಂಜಿಕೆ. ವೈದ್ಯನನ್ನು ದೇವರೇ ಉಂಟುಮಾಡಿದ್ದಾರೆ, ಅವನನ್ನು ಗೌರವಿಸಬೇಕೆಂದು ನಮ್ಮ ಬೈಬಲಿನ ಸಿರಾಖನ ಗ್ರಂಥದ 38ನೇ ಅಧ್ಯಾಯವೇ ಕಲಿಸುತ್ತದೆ. ದೂರದವರು 14416ಕ್ಕೆ ಫೋನ್ ಮಾಡಬಹುದು. 2022ರಲ್ಲಿ ಆರಂಭವಾದ ಸರ್ಕಾರದ ಈ ಟೆಲಿ ಮಾನಸ್ ಸೇವೆ ಹಗಲುರಾತ್ರಿ ಉಚಿತ, ಕನ್ನಡದಲ್ಲೂ ಉಂಟು. ಪೊಲೀಸರ ಭಯದಿಂದ ಯಾರೂ ಆಸ್ಪತ್ರೆಗೆ ಹಿಂಜರಿಯಬೇಡಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಬೇಕು, ಶಿಕ್ಷಿಸಕೂಡದು ಎಂಬುದು 2017ರ ಮಾನಸಿಕ ಆರೋಗ್ಯ ಕಾಯಿದೆಯ ನಿಲುವು.

ಮಗುವನ್ನು ಕಳೆದುಕೊಂಡ ಮನೆಗಳೂ ನಮ್ಮ ನಡುವೆ ಇವೆ. ಬೇಕೆಂದೇ ಪ್ರಾಣ ಕಳೆದುಕೊಂಡವರಿಗೆ 1917ರ ಧರ್ಮಸಭಾ ಕಾನೂನು ಅಂತ್ಯವಿಧಿಯನ್ನು ನಿರಾಕರಿಸುತ್ತಿತ್ತು. 1983ರ ಕಾನೂನಿನಲ್ಲಿ ಆ ಮಾತಿಲ್ಲ. ಪ್ರಾಣವು ದೇವರ ವರ, ಅದನ್ನು ತೆಗೆಯುವ ಹಕ್ಕು ನಮಗಿಲ್ಲ ಎಂಬ ಬೋಧನೆ ಬದಲಾಗಿಲ್ಲ. ಆದರೆ ತೀವ್ರ ಮನೋವ್ಯಥೆ, ಭಯ ಹೊಣೆಯನ್ನು ತಗ್ಗಿಸುತ್ತವೆ, ಅಂಥವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ (2282, 2283) ಹೇಳುತ್ತದೆ. ಆ ಮನೆಯ ಮುಂದೆ ಪಿಸುಗುಟ್ಟುವವರು ಇದನ್ನು ಓದಲಿ.

ಆ ಹುಡುಗ ಈಗ ಚಿಕಿತ್ಸೆಯಲ್ಲಿದ್ದಾನೆ. ಬುಧವಾರ ಸಂಜೆ ನಮ್ಮ ಗುರುನಿವಾಸಕ್ಕೆ ಬರುತ್ತಾನೆ. ಚಹಾ ಕುಡಿದು ಕೇರಂ ಆಡುತ್ತೇವೆ. ನಾನು ಹೆಚ್ಚಾಗಿ ಸೋಲುತ್ತೇನೆ. ಜಪಸರದ ಮಾತನ್ನು ನಾನಿನ್ನೂ ಎತ್ತಿಲ್ಲ.